ಗುಂಯ್, ಟಕ್: ಅಮ್ಮನ ಫ್ರಿಜ್ ಬಗ್ಗೆ ಮನೆ ಗುಂಪಿನಲ್ಲಿ ಜಗಳ

ತೀರ್ಥಹಳ್ಳಿ ಮನೆಯಲ್ಲಿ ಈಗ ಅಮ್ಮ ಒಬ್ಬಳೇ. ನಾವೆಲ್ಲ ಒಂದಾಗಿ ಇರುವುದು ವಾಟ್ಸಾಪ್ ಗುಂಪಿನಲ್ಲಿ ಮಾತ್ರ. ಜುಲೈ ತಿಂಗಳ ಒಂದು ಭಾನುವಾರ ಬೆಳಿಗ್ಗೆ ಅಮ್ಮ ಬರೆದಿದ್ದು ಎರಡೇ ಪದ: "ಹಾಲು ಒಡೆದಿದೆ." 2011ರಲ್ಲಿ ತಂದ ಸಿಂಗಲ್ ಡೋರ್ ಫ್ರಿಜ್ ಕೈಕೊಟ್ಟಿತ್ತು. ಮುಂದಿನದ್ದು ಹಾಗೇ ಹಾಕಿದ್ದೇನೆ. ನಡುವೆ ಬಂದ ಗುಡ್ ಮಾರ್ನಿಂಗ್ ಹೂಗಳನ್ನು ಮಾತ್ರ ಕಿತ್ತಿದ್ದೇನೆ.

ಭಾವ: (ಫಾರ್ವರ್ಡ್) ಹತ್ತು ವರ್ಷ ದಾಟಿದ ಫ್ರಿಜ್ ನಿಮ್ಮ ಮನೆಯಲ್ಲಿದೆಯೇ? ರಿಪೇರಿ ಖರ್ಚು ಹೊಸದರ ಅರ್ಧ ಬೆಲೆ ಮುಟ್ಟಿದರೆ ಯೋಚಿಸಬೇಡಿ, ಬದಲಾಯಿಸಿ! ಹಳೆಯದು ಸುಮ್ನೆ ಕರೆಂಟ್ ತಿನ್ನುತ್ತದೆ! ಹತ್ತು ಜನರಿಗೆ ಕಳುಹಿಸಿ.

ಭಾವ: ನೋಡಿ, ಸರಿಯಾದ ಹೊತ್ತಿಗೆ ಬಂತು. 190 ಲೀಟರಿನದು 17,000ಕ್ಕೆ ಸಿಗುತ್ತದೆ. ಹಳೆಯದಕ್ಕೆ 1,500 ಎಕ್ಸ್‌ಚೇಂಜ್.

ತಮ್ಮ: ನಾನು ಇಲ್ಲಿಂದಲೇ ಆರ್ಡರ್ ಹಾಕುತ್ತೇನೆ. ಗುರುವಾರ ಮನೆ ಬಾಗಿಲಿಗೆ ಬರುತ್ತದೆ. ಮುಗೀತು.

ಅಮ್ಮ: ಯಾರನ್ನು ಕೇಳಿ?

ಚಿಕ್ಕಪ್ಪ: ಅತ್ತಿಗೆ, ಬಾಗಿಲು ತೆಗೆದರೆ ಲೈಟ್ ಉರಿಯುತ್ತದಾ?

ಅಮ್ಮ: ಉರಿಯುತ್ತದೆ.

ಚಿಕ್ಕಪ್ಪ: ಹಿಂದೆ ಫೋನ್ ಹಿಡಿದು ಐದು ನಿಮಿಷ ರೆಕಾರ್ಡ್ ಮಾಡಿ ಹಾಕಿ.

ಚಿಕ್ಕಪ್ಪ ಐಟಿಐಯಲ್ಲಿ ಎಲೆಕ್ಟ್ರಿಕಲ್ ಪಾಠ ಮಾಡಿ ರಿಟೈರ್ ಆದವರು. ಅಮ್ಮನ ವಾಯ್ಸ್ ನೋಟ್ ಬಂತು. ಮೊದಲು ಬರೀ ಮಳೆ. ಆಮೇಲೆ ಪಕ್ಕದ ಮನೆ ನಾಯಿ. ಆಮೇಲೆ ಗುಂಯ್ ಅಂತ ಒಂದು ಸದ್ದು, ಹತ್ತು ಸೆಕೆಂಡ್ ಎಳೆದು, ಟಕ್. ಏನೂ ಇಲ್ಲ. ತುಂಬಾ ಹೊತ್ತಿನ ಮೇಲೆ ಮತ್ತೆ ಗುಂಯ್, ಟಕ್. ಕೊನೆಗೆ ಅಮ್ಮನ ದನಿ: "ಬೆಳಿಗ್ಗೆಯಿಂದ ಇಷ್ಟೇ ಮಾಡ್ತಿರೋದು."

ಚಿಕ್ಕಪ್ಪ: ಗ್ಯಾಸ್ ಹೋಗಿದ್ದರೆ ಕಂಪ್ರೆಸರ್ ಓಡುತ್ತಲೇ ಇರುತ್ತಿತ್ತು, ತಣ್ಣಗೆ ಮಾತ್ರ ಆಗುತ್ತಿರಲಿಲ್ಲ. ಇದು ಏಳಲು ಹೋಗಿ ಏಳಲಾರದೆ ಕೂರುತ್ತಿದೆ. ಟಕ್ ಅನ್ನುವುದು ಓವರ್‌ಲೋಡ್. ಮೋಟಾರ್ ಸುಡಬಾರದು ಅಂತ ಅದು ಲೈನ್ ಕತ್ತರಿಸುತ್ತದೆ. ನನ್ನ ಅಂದಾಜು, ಮೋಟಾರನ್ನು ಎಬ್ಬಿಸುವ ರಿಲೇ ಹೋಗಿದೆ. ಬೆಂಕಿಪೊಟ್ಟಣದಷ್ಟು ಇರುತ್ತದೆ.

ಅಕ್ಕ: ಚಿಕ್ಕಪ್ಪ, ನಿಮ್ಮ ಅಂದಾಜು ನಂಬಿ ನಾನು ಒಮ್ಮೆ ಕೆಟ್ಟಿದ್ದೇನೆ. ನನ್ನ ವಾಷಿಂಗ್ ಮೆಷಿನ್ ನೆನಪಿದೆಯಾ? ಬೇರಿಂಗ್ ಹೋಗಿದೆ, ಸಣ್ಣ ಕೆಲಸ ಅಂದಿರಿ. ಬಿಚ್ಚಿದರೆ ಬೇರಿಂಗ್ ಒಂದೇ ಹಾಕಲು ಬರುವುದಿಲ್ಲ, ಟಬ್ ಪೂರ್ತಿ ಬದಲಾಯಿಸಬೇಕು ಅಂದರು. 9,000. ಆರು ತಿಂಗಳಿಗೆ ಎಲೆಕ್ಟ್ರಾನಿಕ್ ಬೋರ್ಡ್ ಹೋಯಿತು. ಸುಟ್ಟಿದ್ದು ಅದರಲ್ಲಿ ಕಡಲೆಕಾಳಿನಷ್ಟು ಜಾಗ, ಆದರೆ ಬೋರ್ಡೇ ತಗೊಳ್ಳಬೇಕಂತೆ. 6,500. ಕೊನೆಗೆ ಹೊಸ ಮೆಷಿನ್ನೇ ತಂದೆ.

ಚಿಕ್ಕಪ್ಪ: ಅದು ನನ್ನ ತಪ್ಪೇ. ಟಬ್ಬಿಗೆ ಬೆಸುಗೆ ಹಾಕಿ ಮುಚ್ಚಿದ್ದಾರೆ ಅಂತ ಗೊತ್ತಿರಲಿಲ್ಲ. ಆದರೆ ಅತ್ತಿಗೆ ಫ್ರಿಜ್‌ನಲ್ಲಿ ಬೋರ್ಡೇ ಇಲ್ಲ ಮಾರಾಯ್ತಿ. ಒಂದು ಥರ್ಮೋಸ್ಟಾಟ್, ಒಂದು ರಿಲೇ, ಒಂದು ಓವರ್‌ಲೋಡ್, ಒಂದು ಬಲ್ಬು. ಎಲ್ಲ ಬಿಡಿಬಿಡಿಯಾಗಿ ಸಿಗುತ್ತದೆ.

ಭಾವ: ಮಾವ, ಹೊಸದಕ್ಕೆ ಹತ್ತು ವರ್ಷ ವಾರಂಟಿ ಇದೆ.

ಚಿಕ್ಕಪ್ಪ: ಅಳಿಯಂದಿರೇ, ಕಾರ್ಡ್ ಬಿಡಿಸಿ ಓದಿ. ಹತ್ತು ವರ್ಷ ಅಂದರೆ ಕಂಪ್ರೆಸರಿಗೆ. ಉಳಿದದ್ದಕ್ಕೆ ಸಾಮಾನ್ಯವಾಗಿ ಒಂದೇ ವರ್ಷ. ಇನ್ವರ್ಟರ್ ಫ್ರಿಜ್ (ಮೋಟಾರಿನ ವೇಗ ತಾನೇ ಹೊಂದಿಸಿಕೊಳ್ಳುವಂಥದ್ದು) ಆದರೆ ಅದರಲ್ಲೂ ಬೋರ್ಡ್ ಇದೆ. ನಿಮ್ಮ ಮನೆಯವಳನ್ನೇ ಕೇಳಿ, ಬೋರ್ಡಿನ ಕಥೆ ಹೇಳುತ್ತಾಳೆ.

ಭಾವ: ಮತ್ತೆ ಕರೆಂಟ್? 2011ರ ಐದು ಸ್ಟಾರ್ ಈಗಿನ ಐದು ಸ್ಟಾರ್‌ಗೆ ಸಮ ಅಲ್ಲ. ನಡುವೆ ಅಳತೆ ಬಿಗಿ ಮಾಡುತ್ತಾ ಬಂದಿದ್ದಾರೆ.

ನಾನು: ಅದು ನಿಜ ಭಾವ. ಆದರೆ ಅಮ್ಮನ ಬಿಲ್ ನೋಡಿದ್ದೀರಾ? ಗೃಹಜ್ಯೋತಿ. 2022-23ರ ಸರಾಸರಿ 70 ಯೂನಿಟ್, ಅದರ ಮೇಲೆ ಹತ್ತು ಪರ್ಸೆಂಟ್. 77ರ ಒಳಗಿದ್ದರೆ ಬಿಲ್ ಸೊನ್ನೆ. ಹೋದ ತಿಂಗಳು 68. ಹೊಸದು 15 ಯೂನಿಟ್ ಉಳಿಸಿದರೂ ಬಿಲ್ ಅದೇ ಸೊನ್ನೆ.

ಭಾವ: ಆ ಸೊನ್ನೆಗೆ ನಮ್ಮ ಟ್ಯಾಕ್ಸ್ ಹೋಗುತ್ತದಲ್ಲ.

ಅಕ್ಕ: ರೀ, ಭಾನುವಾರ ರಾಜಕೀಯ ಬೇಡ.

ಭಾವ ಹೇಳಿದ್ದರಲ್ಲಿ ಹುರುಳಿಲ್ಲ ಅಂತಲ್ಲ. ಯಾರೋ ಒಬ್ಬರು ಕಟ್ಟಲೇಬೇಕು. ಆದರೆ ನನಗೆ ತಲೆ ಕೊರೆಯುತ್ತಿದ್ದದ್ದು ಆ ಅರ್ಧ ಬೆಲೆಯ ಲೆಕ್ಕ.

ನಾನು: ತಮ್ಮ, ಡಲ್ಲಾಸ್‌ನಲ್ಲಿ ಮೆಕ್ಯಾನಿಕ್ ಮನೆಗೆ ಬಂದರೆ ಎಷ್ಟು ಕೊಡುತ್ತೀಯಾ?

ತಮ್ಮ: ಬಾಗಿಲು ತಟ್ಟಿದ್ದಕ್ಕೇ ನೂರು ಡಾಲರ್. ಸಾಮಾನು ಬೇರೆ.

ನಾನು: ತೀರ್ಥಹಳ್ಳಿಯಲ್ಲಿ 300 ರೂಪಾಯಿ, ಒಂದು ಲೋಟ ಕಾಫಿ. ಆ ಲೆಕ್ಕ ನಿನ್ನ ಊರಿಗೆ ಸರಿ. ಇಲ್ಲಿ ಅರ್ಧ ಬೆಲೆ ಮುಟ್ಟಬೇಕಾದರೆ ಕಂಪ್ರೆಸರೇ ಹೋಗಬೇಕು.

ತಮ್ಮ: ಸರಿ, ಆದರೂ ಹಳೆಯದನ್ನು ಕಂಪನಿಗಳೇ ರಿಸೈಕಲ್ ಮಾಡಿಸಬೇಕು ಅಂತ ರೂಲ್ ಬಂದಿದೆಯಲ್ಲ, 2023ರ ಏಪ್ರಿಲ್‌ನಿಂದ. ಎಸೆದಂತೆ ಆಗುವುದಿಲ್ಲ.

ಚಿಕ್ಕಪ್ಪ: ರೂಲ್ ಇದೆ. ನಮ್ಮ ರಸ್ತೆಗೆ ಬರುವುದು ಗುಜರಿಯವನು. ಪೈಪ್ ಕತ್ತರಿಸುತ್ತಾನೆ. ತಾಮ್ರ ಚೀಲಕ್ಕೆ, ಗ್ಯಾಸ್ ಗಾಳಿಗೆ.

ಚಿಕ್ಕಪ್ಪ: ಒಂದು ಮಾತ್ರ ಕೇಳಬೇಕು. ಅತ್ತಿಗೆ, ಫ್ರೀಜರಿನ ಐಸ್ ಕೆರೆಯಲು ಚಾಕು ಹಾಕಿದ್ದೀರಾ? ಒಳಗಿನ ಅಲ್ಯೂಮಿನಿಯಂ ತೂತಾಗಿದ್ದರೆ ನಾನೇ ಹೊಸದಕ್ಕೆ ಓಟು ಹಾಕುತ್ತೇನೆ.

ಅಮ್ಮ: ಈ ಸಂದೇಶವನ್ನು ಅಳಿಸಲಾಗಿದೆ

ಅಮ್ಮ: ಇಲ್ಲಪ್ಪ.

ಅಕ್ಕ: ಅಮ್ಮ, ಏನು ಅಳಿಸಿದೆ?

ಅಮ್ಮ: ದೋಸೆ ಹಿಟ್ಟು, ಮುರುಗಲು ಶರಬತ್ತು ಎಲ್ಲ ಪಕ್ಕದ ಮನೆ ಫ್ರಿಜ್‌ನಲ್ಲಿ ಇಟ್ಟಿದ್ದೇನೆ. ನೀವು ಬೇಗ ಮಾತು ಮುಗಿಸಿ. ಅವರು ದೋಸೆ ಹೊಯ್ದುಕೊಂಡುಬಿಟ್ಟಾರು.

ಸೋಮವಾರ ಮಧ್ಯಾಹ್ನ ಮಳೆ ಬಿಟ್ಟ ಮೇಲೆ ಮೆಕ್ಯಾನಿಕ್ ಬಂದ. ಚಿಕ್ಕಪ್ಪ ವಿಡಿಯೋ ಕಾಲ್‌ನಲ್ಲಿ ಕೂತಿದ್ದರು, ಪರೀಕ್ಷೆ ಹಾಲ್‌ನಲ್ಲಿ ಕೂತ ಹಾಗೆ. ಆತ ರಿಲೇ ಕಿತ್ತು ಕಿವಿ ಹತ್ತಿರ ಅಲ್ಲಾಡಿಸಿದ. ಗಲಗಲ ಅಂದಿತು. ಒಳಗೆ ಒಂದು ಪಿಂಗಾಣಿ ಬಿಲ್ಲೆ ಇರುತ್ತದೆ, ಅದು ಒಡೆದು ಪುಡಿಯಾಗಿತ್ತು. ಆಮೇಲೆ ಕಂಪ್ರೆಸರಿನ ಮೂರು ಪಿನ್‌ಗಳಿಗೆ ಮೀಟರ್ ಹಿಡಿದ. ಎರಡು ಜೋಡಿಯ ಅಳತೆ ಕೂಡಿಸಿದರೆ ಮೂರನೆಯ ಜೋಡಿಯದಕ್ಕೆ ಸಮ ಬರಬೇಕು. ಬಂತು. "ಮೋಟಾರ್ ಕಲ್ಲಿನ ಹಾಗಿದೆ" ಅಂದ. ಚಿಕ್ಕಪ್ಪನ ಮುಖ ನೋಡಬೇಕಿತ್ತು.

ಅಮ್ಮ: 750 ಆಯಿತು. ಎರಡೇ ಗಂಟೆಯಲ್ಲಿ ಐಸ್ ಹಿಡಿಯಿತು.

ಅಕ್ಕ: ಸರಿ, ಈ ಸಲ ಚಿಕ್ಕಪ್ಪನೇ ಗೆದ್ದರು.

ಅಮ್ಮ: ಆದರೆ ಮಳೆಗಾಲದಲ್ಲಿ ವೋಲ್ಟೇಜ್ ಹೀಗೇ ಕುಣಿದರೆ ಮತ್ತೆ ಹೋಗುತ್ತದಂತೆ. ಸ್ಟೆಬಿಲೈಸರ್ ಹಾಕಿಸಿ ಅಂದ.

ಭಾವ: ಅದಕ್ಕೆ 2,000 ಆಗುತ್ತದೆ. 750 ಅಂತ ಶುರುವಾಗಿದ್ದು 2,750ಕ್ಕೆ ಬಂತು. ನಾನು ಹೇಳಿದ್ದು ಇದನ್ನೇ.

ನಾನು: ಹೊಸ ಫ್ರಿಜ್ ತಂದಿದ್ದರೂ ವೋಲ್ಟೇಜ್ ಅದೇ ತಾನೇ ಭಾವ?

ತಮ್ಮ: ಸ್ಟೆಬಿಲೈಸರ್ ನಾನು ಆರ್ಡರ್ ಹಾಕುತ್ತೇನೆ. ಇದಕ್ಕಾದರೂ ಬಿಡಿ.

ಅಮ್ಮ: ಬೇಡ. ಹಳೇ ಟೀವಿಗೆ ಅಪ್ಪ ತಂದಿದ್ದ ಸ್ಟೆಬಿಲೈಸರ್ ಅಟ್ಟದ ಮೇಲೆ ಇದೆ.

ಚಿಕ್ಕಪ್ಪ: ಟೀವಿದು ಫ್ರಿಜ್ಜಿಗೆ ಆಗುವುದಿಲ್ಲ ಅತ್ತಿಗೆ, ತಡೆಯುವುದಿಲ್ಲ. ಅಷ್ಟಕ್ಕೂ ಅದು ಓಡುತ್ತದಾ?

ಅಮ್ಮ: ಇಲ್ಲ. ರಿಪೇರಿ ಮಾಡಿಸಬೇಕು.