ಸ್ಯಾನಿಟೈಜರ್ ಹಾಕಿದ್ರೂ ಬಿಯರ್ ಹುಳಿ ಬರ್ತಿದೆ, ಬಕೆಟ್ ತೊಳೆಯೋದ್ರಲ್ಲಿ ಏನು ಬಿಟ್ಟುಹೋಗ್ತಿದೆ?

ತಿಪಟೂರು_ಟು_ಟೆಕ್ಸಾಸ್:
ಎಲ್ಲರಿಗೂ ನಮಸ್ಕಾರ. ನಾನಿರೋದು ಸ್ಯಾನ್ ಆಂಟೋನಿಯೋಲಿ, ಮನೇಲೇ ಬಿಯರ್ ಮಾಡ್ತೀನಿ, 5 ಗ್ಯಾಲನ್ ಬ್ಯಾಚು, ಕೆಳಗಡೆ ನಲ್ಲಿ ಇರೋ ಬಿಳಿ ಪ್ಲಾಸ್ಟಿಕ್ ಬಕೆಟ್ಟು. ಇತ್ತೀಚೆಗೆ ಮಾಡಿದ್ದೆಲ್ಲ ಹುಳಿ ಬರ್ತಿದೆ. ಮೊದಲು ಚೆನ್ನಾಗೇ ಹುದುಗತ್ತೆ, ಆಮೇಲೆ ಮೇಲೆ ಬಿಳಿ ಪೊರೆ ಕಟ್ಟತ್ತೆ, ಬಾಟ್ಲಿಗೆ ತುಂಬಿ ಇಟ್ರೆ ಮುಚ್ಚಳ ತೆಗೆದ ತಕ್ಷಣ ಅರ್ಧಕ್ಕರ್ಧ ಉಕ್ಕಿ ಹೊರಗೆ. ಬಕೆಟ್ ಖಾಲಿ ಆದ್ಮೇಲೆ ಪಾತ್ರೆ ಲಿಕ್ವಿಡ್ ಹಾಕಿ ಉಜ್ತೀನಿ, ಮೇಲ್ಗಡೆ ನೊರೆ ಒಣಗಿ ಗಟ್ಟಿಯಾಗಿರೋ ಕಲೆ ಇರತ್ತಲ್ಲ ಅದಕ್ಕೆ ಹಸಿರು ಸ್ಕ್ರಬ್ಬರ್, ಆಮೇಲೆ ಸ್ಟಾರ್ ಸ್ಯಾನ್ ಅನ್ನೋ ಸ್ಯಾನಿಟೈಜರ್. ಇಲ್ಲಿನ ನೀರು ಸಿಕ್ಕಾಪಟ್ಟೆ ಗಡಸು, ಸ್ಟಾರ್ ಸ್ಯಾನ್ ಹಾಕಿದ್ರೆ ಸ್ವಲ್ಪ ಹೊತ್ತಲ್ಲೇ ಬೆಳ್ಳಗೆ ಮಬ್ಬಾಗತ್ತೆ, ಹಾಗಾದ್ರೆ ಅದು ಸತ್ತೋಯ್ತು ಅಂತಾನಾ? ಬ್ಲೀಚ್‌ಗೆ ಹೋಗ್ಲಾ? ಇನ್ನೊಂದು, ಅದೇ ಅಡುಗೆಮನೇಲಿ ವಾರಾ ವಾರಾ ದೋಸೆಹಿಟ್ಟು ಹುದುಗಕ್ಕೆ ಇಡ್ತೀವಿ, ಮೊಸರೂ ಮನೇಲೇ ಹೆಪ್ಪು ಹಾಕೋದು, ಅದ್ರಿಂದ ಏನಾದ್ರೂ ಬರ್ತಿದ್ಯಾ?

ಕಾಫಿತೋಟ:
ಒಂದು ಪ್ರಶ್ನೆ ಮೊದಲು, ಆ ನಲ್ಲಿನ ಬಕೆಟ್‌ನಿಂದ ಬಿಚ್ಚಿ ತೊಳಿತೀರಾ? ನೀವು ಬರೆದಿರೋದ್ರಲ್ಲಿ ಅದಿಲ್ಲ, ನನ್ನ ಅನುಮಾನ ಪೂರ್ತಿ ಅಲ್ಲೇ ಇದೆ.

ಸ್ಯಾನಿಟೈಜರ್ ಕೆಲಸ ಮಾಡೋದು ಕ್ಲೀನ್ ಇರೋ ಜಾಗದಲ್ಲಿ ಮಾತ್ರ. ಲೋಳೆ, ಒಣಗಿದ ಯೀಸ್ಟು, ಹಾಪ್ಸ್ (ಬಿಯರ್‌ಗೆ ಕಹಿ ಕೊಡೋ ಹೂವು) ಚೂರು ಇದ್ರೆ ಅದರ ಅಡಿಯಲ್ಲಿರೋ ಬ್ಯಾಕ್ಟೀರಿಯಾಕ್ಕೆ ಅದು ಮುಟ್ಟೋದೇ ಇಲ್ಲ. ಬಕೆಟ್ ಗೋಡೆ ಕಣ್ಣಿಗೆ ಕಾಣತ್ತೆ ಉಜ್ತೀವಿ, ನಲ್ಲಿ ಒಳಗಡೆ ತಿರುಗೋ ಭಾಗ, ಅದರ ಹಿಂದಿರೋ ರಬ್ಬರ್ ವಾಷರ್, ಮುಚ್ಚಳದಲ್ಲಿ ಗ್ಯಾಸ್ ಹೊರಗೆ ಬಿಡೋ ಏರ್‌ಲಾಕ್ ಕೂರೋ ಸಣ್ಣ ರಬ್ಬರು, ಇಲ್ಲೆಲ್ಲ ಪ್ರತಿ ಸಲ ಒಂದಿಷ್ಟು ವರ್ಟ್ (ಹುದುಗದ ಬಿಯರ್ ರಸ) ನುಗ್ಗಿ ಅಲ್ಲೇ ಉಳ್ಕೊಳತ್ತೆ. ನಲ್ಲಿನ ಸ್ವಲ್ಪ ಹೊತ್ತು ಬಿಸಿನೀರಲ್ಲಿ ಇಟ್ರೆ ಪ್ಲಾಸ್ಟಿಕ್ ಸಡಿಲ ಆಗಿ ಎಷ್ಟೋ ಮಾಡೆಲ್‌ಗಳಲ್ಲಿ ಒಳಗಿನ ಭಾಗ ತಳ್ಳಿದ್ರೆ ಈಚೆ ಬರತ್ತೆ, ತೆಗೆದು ನೋಡಿ.

ಪಾತ್ರೆ ಲಿಕ್ವಿಡ್ ಬಿಟ್ಬಿಡಿ, ಅದರ ವಾಸನೆ ಪ್ಲಾಸ್ಟಿಕ್‌ಗೆ ಹಿಡಿಯತ್ತೆ, ಜಿಡ್ಡು ಉಳಿದ್ರೆ ಬಿಯರ್ ಮೇಲೆ ನೊರೆ ನಿಲ್ಲಲ್ಲ. ಪಿಬಿಡಬ್ಲ್ಯು ಅನ್ನೋ ಬ್ರೂಯಿಂಗ್ ಸಾಮಾನು ತೊಳೆಯೋ ಪುಡಿ ತಗೊಳಿ, ಗ್ಯಾಲನ್‌ಗೆ 1 ಔನ್ಸ್ ಲೆಕ್ಕ, 55ರಿಂದ 60 ಡಿಗ್ರಿ ಸೆಲ್ಸಿಯಸ್ ನೀರಲ್ಲಿ ಕಲಸಿ ಬಕೆಟ್ ಕಂಠದವರೆಗೂ ತುಂಬಿ ರಾತ್ರಿಯೆಲ್ಲ ಬಿಡಿ. ಬೆಳಿಗ್ಗೆ ಆ ನೊರೆ ಕಲೆ ಮೆತ್ತನೆ ಬಟ್ಟೇಲಿ ಒರೆಸಿದ್ರೆ ಬಂದ್ಬಿಡತ್ತೆ, ಉಜ್ಜೋ ಮಾತೇ ಇಲ್ಲ. ದುಡ್ಡು ಉಳಿಸ್ಬೇಕು ಅಂದ್ರೆ ಬಟ್ಟೆ ಕಲೆ ತೆಗೆಯೋ ಆಕ್ಸಿಕ್ಲೀನ್ ಪುಡಿ, ವಾಸನೆ ಇಲ್ಲದ್ದು, ಸಾಕು, ಎರಡರಲ್ಲೂ ಮುಖ್ಯವಾಗಿ ಕೆಲಸ ಮಾಡೋದು ಸೋಡಿಯಂ ಪರ್ಕಾರ್ಬನೇಟೇ. ಕೈಗೆ ಗ್ಲವ್ಸ್ ಹಾಕ್ಕೊಳಿ, ಕ್ಷಾರ ಅದು, ಚರ್ಮ ಸುಲಿಯತ್ತೆ. ನಿಮ್ಮ ಗಡಸು ನೀರಲ್ಲಿ ಜಾಸ್ತಿ ಹೊತ್ತು ಬಿಟ್ರೆ ಬಿಳಿ ಪುಡಿ ಥರ ಸುಣ್ಣ ಕೂರಬಹುದು, ಸ್ವಲ್ಪ ವಿನೆಗರ್ ನೀರಲ್ಲಿ ಒರೆಸಿ ಗಲಬರಿಸಿದ್ರೆ ಹೋಗತ್ತೆ.

ಹಸಿರು ಸ್ಕ್ರಬ್ಬರ್ ಬಳಸಿದ ಬಕೆಟ್ ಬದಲಾಯಿಸೋದೇ ಒಳ್ಳೇದು. ಒಳಗೆ ಗೀರು ಬಿದ್ದಿರತ್ತೆ, ಗೀರಿನ ಒಳಗೆ ಕೂತಿರೋದು ಏನು ಮಾಡಿದ್ರೂ ಪೂರ್ತಿ ಹೋಗಲ್ಲ.

ದೋಸೆಹಿಟ್ಟು ಮೊಸರಿಂದ ಬರಲ್ಲ ಅಂತ ಹೇಳಕ್ಕಾಗಲ್ಲ. ಹಿಟ್ಟು ಹುದುಗಿಸೋದು ಮುಖ್ಯವಾಗಿ ಲ್ಯೂಕೊನೊಸ್ಟಾಕ್ ಅನ್ನೋ ಬ್ಯಾಕ್ಟೀರಿಯಾ, ಮೊಸರಲ್ಲಿರೋದು ಲ್ಯಾಕ್ಟೋಬ್ಯಾಸಿಲಸ್ ಥರದವು, ಬಿಯರ್ ಹುಳಿ ಮಾಡೋದೂ ಇದೇ ಲ್ಯಾಕ್ಟಿಕ್ ಆಸಿಡ್ ಬ್ಯಾಕ್ಟೀರಿಯಾ ಗುಂಪು. ಹಾಪ್ಸ್ ಕಹಿ ಇದ್ರೆ ಇವುಗಳಲ್ಲಿ ಸುಮಾರಷ್ಟು ತಡ್ಕೊಳಲ್ಲ, ವೀಟ್ ಬಿಯರ್ ಥರ ಕಹಿ ಕಮ್ಮಿ ಇರೋದ್ರಲ್ಲಿ ಚೆನ್ನಾಗಿ ಬೆಳೀತವೆ. ಹಿಟ್ಟು ರುಬ್ಬೋ ದಿನ ಬಿಯರ್ ಕೆಲಸ ಇಟ್ಕೋಬೇಡಿ, ಹಿಟ್ಟಿಗೆ ಬಳಸೋ ಸೌಟು, ಡಬ್ಬಿ ಬಿಯರ್ ಹತ್ರ ತರಬೇಡಿ, ಇಷ್ಟು ಮಾಡಿದ್ರೆ ಸಾಕು, ದೋಸೆ ಬಿಡೋ ಅಗತ್ಯ ಇಲ್ಲ.

ಹುಬ್ಬಳ್ಳಿಮಂದಿ:
ಕಾಫಿತೋಟ ಅವ್ರು ಹೇಳಿದ್ದು ಖರೇ ಐತಿ, ನಲ್ಲಿ ಬಿಚ್ಚಿ ನೋಡ್ರಿ ಮೊದಲ.

ಬ್ಲೀಚ್ ಬಗ್ಗೆ ನಾ ಹೇಳ್ತೀನಿ. ಗ್ಯಾಲನ್ ನೀರಿಗೆ 1 ಟೇಬಲ್ ಸ್ಪೂನ್ ಹಾಕಿ 20 ನಿಮಿಷ ಬಿಟ್ರ ಕ್ರಿಮಿ ಸಾಯ್ತಾವು, ಅದ್ರಾಗ ಸಂಶಯ ಇಲ್ಲ, ಆದ್ರ ಕಾಯಿಸಿ ಆರಿಸಿದ ನೀರಿನಾಗ ಮತ್ತ ಮತ್ತ ತೊಳಿಬೇಕಾಗ್ತದ, ಸ್ವಲ್ಪ ಕ್ಲೋರಿನ್ ಉಳಿದ್ರೂ ಬಿಯರಿನ ಫಿನಾಲ್ ಜೋಡಿ ಸೇರಿ ಬ್ಯಾಂಡೇಜ್ ಪಟ್ಟಿ ವಾಸನಿ ಬರ್ತದ, ಆ ಬ್ಯಾಚ್ ಚೆಲ್ಲೂದ ಗತಿ. ಸ್ಟೀಲ್ ಪಾತ್ರಿಗೆ ಬ್ಲೀಚ್ ಮುಟ್ಟಿಸಬ್ಯಾಡ್ರಿ, ಸಣ್ಣ ಸಣ್ಣ ತೂತು ಬೀಳ್ತಾವು. ಮತ್ತ ಎಲ್ಲಾಕಿಂತ ಮುಖ್ಯ, ಬ್ಲೀಚಿಗೆ ವಿನೆಗರ್ ಆಗ್ಲಿ ಸ್ಟಾರ್ ಸ್ಯಾನ್ ಆಗ್ಲಿ ಕೂಡಿಸಬ್ಯಾಡ್ರಿ, ಆಸಿಡ್ ಬಿದ್ರ ಕ್ಲೋರಿನ್ ಗ್ಯಾಸ್ ಏಳ್ತದ, ಬಾಗಿಲು ಹಾಕಿದ ಬಚ್ಚಲದಾಗ ಜೀವಕ್ಕ ಅಪಾಯ.

ಸ್ಟಾರ್ ಸ್ಯಾನ್ ಮಬ್ಬಾದ್ರ ಸತ್ತಂಗ ಅಲ್ರಿ. ಅದ್ರಾಗಿನ ನೊರೆ ಬರೋ ಅಂಶ ನೀರಿನ ಕ್ಯಾಲ್ಸಿಯಂ ಜೋಡಿ ಸೇರಿ ಹಂಗ ಕಾಣ್ತದ. ಹುಳಿ ಅಳಿಯೋ ಪಿಎಚ್ ಪಟ್ಟಿ ಅದ್ದಿ ನೋಡ್ರಿ, 3ರ ಕೆಳಗ ಇದ್ರ ಬಳಸ್ರಿ.

ಕಾಫಿತೋಟ:
ಇಲ್ಲಿ ನಾನು ಪೂರ್ತಿ ಒಪ್ಪಲ್ಲ. ಸ್ಟಾರ್ ಸ್ಯಾನ್‌ನಲ್ಲಿ ಫಾಸ್ಫಾರಿಕ್ ಆಸಿಡ್ ಒಂದೇ ಅಲ್ಲ, ಆ ನೊರೆ ಬರೋ ಅಂಶಾನೂ ಕ್ರಿಮಿ ಕೊಲ್ಲೋ ಕೆಲಸದಲ್ಲಿ ಪಾಲುದಾರ, ಅದು ಕ್ಯಾಲ್ಸಿಯಂ ಜೊತೆ ಸೇರಿ ಹೋದ್ರೆ ಬರೀ ಪಿಎಚ್ ನಂಬ್ಕೊಂಡು ಕೂರೋದು ನನಗೆ ಸರಿ ಅನ್ಸಲ್ಲ. ಅಂಗಡೀಲಿ ಡಿಸ್ಟಿಲ್ಡ್ ವಾಟರ್ ಕ್ಯಾನ್ ಸಿಗತ್ತೆ, ಅದರಲ್ಲಿ ಕಲಸಿ. ಪೂರ್ತಿ 5 ಗ್ಯಾಲನ್ ಬೇಕಿಲ್ಲ, 1 ಲೀಟರ್‌ಗೆ ಒಂದೂವರೆ ಎಂಎಲ್ ಹಾಕಿ ಸ್ಪ್ರೇ ಬಾಟ್ಲಿ ತುಂಬಿ, ಎಲ್ಲಾ ಕಡೆ ಹೊಡೆದು 2 ನಿಮಿಷ ಒದ್ದೆಯಾಗೇ ಇರ್ಲಿ. ನೊರೆ ಉಳಿದ್ರೆ ಹಾಗೇ ಬಿಡಿ, ನಲ್ಲಿ ನೀರಲ್ಲಿ ತೊಳೆಯಕ್ಕೆ ಹೋದ್ರೆ ಮಾಡಿದ್ದೆಲ್ಲ ದಂಡ.

ಹುಬ್ಬಳ್ಳಿಮಂದಿ:
ಡಿಸ್ಟಿಲ್ಡ್ ನೀರಿನ ಮಾತು ಒಪ್ಪಿದೆ. ಅದ್ರಾಗ ಕಲಸಿದ್ದು ವಾರಗಟ್ಟಲೆ ಬಾಳಿಕಿ ಬರ್ತದ, ಖರ್ಚೂ ಕಡಿಮಿ.

ಜಯನಗರದವಳು:
ನಡುವೆ ಬಂದಿದ್ದಕ್ಕೆ ಕ್ಷಮಿಸಿ. ಇಲ್ಲಿ ಕರ್ನಾಟಕದಲ್ಲಿ ಲೈಸೆನ್ಸ್ ಇಲ್ದೆ ಮನೇಲಿ ಬಿಯರ್ ಮಾಡೋ ಹಾಗಿಲ್ಲ, ನಾನು ಮಾಡೋದು ಕೊಂಬುಚಾ (ಹುದುಗಿಸಿದ ಟೀ), ದೊಡ್ಡ ಗಾಜಿನ ಜಾಡೀಲಿ. ಕುದಿಯೋ ನೀರು ಹುಯ್ದು ತೊಳೆದ್ರೆ ಸಾಕಾ?

ಕಾಫಿತೋಟ:
ಗಾಜಿಗೆ ಒಮ್ಮೆಲೇ ಕುದಿಯೋ ನೀರು ಹುಯ್ಯಬೇಡಿ ಅಕ್ಕ, ಸೀಳ್ಬಿಡತ್ತೆ, ದೊಡ್ಡ ಜಾಡಿ ಒಡೆದ್ರೆ ಕೈಕಾಲಿಗೆ ಕೆಟ್ಟ ಗಾಯ ಆಗತ್ತೆ. ಉಗುರು ಬೆಚ್ಚಗಿನ ನೀರಿಂದ ಶುರು ಮಾಡಿ ನಿಧಾನಕ್ಕೆ ಬಿಸಿ ಏರಿಸಿ, ಆಮೇಲೆ ಬಿಳಿ ವಿನೆಗರ್‌ನಲ್ಲಿ ಒಂದ್ಸಲ ಆಡಿಸಿ ಚೆಲ್ಲಿ. ಒದ್ದೆ ಕೈಯಲ್ಲಿ ಜಾಡಿ ಎತ್ತಬೇಡಿ.

ತಿಪಟೂರು_ಟು_ಟೆಕ್ಸಾಸ್:
ನಲ್ಲಿ ಬಿಚ್ಚಿದೆ. ಒಳಗೆ ಕಂದು ಬಣ್ಣದ ಲೋಳೆ, ಹುಳಿ ಮೊಸರಿನ ವಾಸನೆ. ಹೊಸ ಬಕೆಟ್ಟು, ಹೊಸ ನಲ್ಲಿ ಎರಡೂ ತರ್ತೀನಿ. ಬಾಟ್ಲಿಗೆ ತುಂಬೋ ರಬ್ಬರ್ ಟ್ಯೂಬ್ ಇದೆ, ಅದು ಹಳೇದೇ ನಡೆಯತ್ತಾ?

ಕಾಫಿತೋಟ:
ಟ್ಯೂಬ್ ಕೂಡ ಎಸೀರಿ, ಅದರ ಒಳಗೆ ಬ್ರಷ್ ಹೋಗಲ್ಲ, ಒಂದು ಅಡಿ ಉದ್ದಕ್ಕೆ ಒಂದು ಡಾಲರ್ ಆಸುಪಾಸು ಅಷ್ಟೇ. ಈಗಾಗ್ಲೇ ತುಂಬಿರೋ ಬಾಟ್ಲಿ ಇದ್ರೆ ಇವತ್ತೇ ಫ್ರಿಜ್‌ಗೆ ಹಾಕಿ, ಹೊರಗೆ ಬಿಟ್ರೆ ಪ್ರೆಶರ್ ಏರ್ತಾ ಹೋಗಿ ಗಾಜು ಸಿಡಿಯೋ ಚಾನ್ಸ್ ಇದೆ, ಮುಟ್ಟೋವಾಗ ಕಣ್ಣಿಗೆ ಕನ್ನಡಕ ಇರ್ಲಿ.