ಅಪ್‌ಡೇಟ್: ಡಿಸ್ಟಾರ್ಷನ್‌ನಲ್ಲಿ ಗಿಟಾರ್ ದನಿ ಕಲಸಿಹೋಗುತ್ತಿದ್ದದ್ದು ಸರಿಯಾಯ್ತು

ಕೇಳಿದ್ದು ಇಷ್ಟು: ಆಂಪ್ಲಿಫೈಯರ್‌ನ ಗೇನ್ (ದನಿಯನ್ನು ಒಡೆದು ಡಿಸ್ಟಾರ್ಷನ್ ತರುವ ನಾಬ್) ಏರಿಸಿದರೆ ದಪ್ಪ ತಂತಿಗಳು ಗುಂಯ್‌ಗುಡುತ್ತವೆ, ಬ್ಯಾಂಡ್ ಜೊತೆ ಸೋಲೋ ಕೇಳಿಸುವುದಿಲ್ಲ; ಬಾಸ್ ಕಂಪನಿಯ ಜಿಇ-7 ಈಕ್ವಲೈಜರ್ ಪೆಡಲ್ (ಬೇರೆಬೇರೆ ಫ್ರೀಕ್ವೆನ್ಸಿಗಳನ್ನು ಸ್ಲೈಡರ್‌ಗಳಿಂದ ಏರಿಸಿ ಇಳಿಸುವಂಥದ್ದು) ಎಲ್ಲಿಡಬೇಕು? ಉತ್ತರಿಸಿದವರಿಗೆಲ್ಲ ಥ್ಯಾಂಕ್ಸ್. ಇವು ಎರಡು ಬೇರೆ ತೊಂದರೆಗಳು, ಪೆಡಲ್ ಇಡುವ ಜಾಗವೂ ಬೇರೆ.

ಗುಂಯ್‌ಗೆ ಮದ್ದು: ಪೆಡಲ್ ಆಂಪ್ ಇನ್‌ಪುಟ್‌ಗಿಂತ ಮೊದಲು, ಅಂದರೆ ಗಿಟಾರ್ ಮತ್ತು ಆಂಪ್ ನಡುವೆ. 100 ಹರ್ಟ್ಸ್ 6 ಡೆಸಿಬೆಲ್ ಕೆಳಗೆ, 200 ಹರ್ಟ್ಸ್ 4 ಕೆಳಗೆ, 800 ಹರ್ಟ್ಸ್ 3 ಮೇಲೆ. ಆಂಪ್‌ನಲ್ಲಿ ದನಿ ಕ್ಲಿಪ್ ಆಗುವ (ಒಡೆಯುವ) ಮುಂಚೆಯೇ ಬೇಸ್ (ತಗ್ಗಿನ ಫ್ರೀಕ್ವೆನ್ಸಿಗಳು) ಇಳಿದರೆ ತಂತಿಗಳು ಬಿಡಿಬಿಡಿಯಾಗಿ ಕೇಳಿಸುತ್ತವೆ. ಆಮೇಲೆ ಇಳಿಸಿದರೆ ದನಿ ತೆಳ್ಳಗಾಗುತ್ತದೆ, ರಾಡಿ ಹಾಗೇ ಉಳಿಯುತ್ತದೆ. ಟೋನ್ ನಾಬ್‌ಗಳು ಗೇನ್ ಹಂತದ ನಂತರ ಇರುವ ಆಂಪ್ ಆದರೆ, ಕಳೆದ ಬೇಸನ್ನು ಅಲ್ಲೇ ವಾಪಸ್ ಸೇರಿಸಬಹುದು.

ಸೋಲೋಗೆ ಪೆಡಲ್ ಎಫೆಕ್ಟ್ಸ್ ಲೂಪ್‌ನಲ್ಲಿ (ಗೇನ್ ಹಂತದ ನಂತರ ಪೆಡಲ್ ಸೇರಿಸಲು ಆಂಪ್‌ನಲ್ಲಿರುವ ಸೆಂಡ್-ರಿಟರ್ನ್ ಜಾಕ್‌ಗಳು): 800 ಹರ್ಟ್ಸ್ 4 ಮೇಲೆ, 1.6 ಕಿಲೋಹರ್ಟ್ಸ್ 3 ಮೇಲೆ, ಲೆವೆಲ್ 3 ಮೇಲೆ. ಇದೇ ಸೆಟ್ಟಿಂಗ್ ಇನ್‌ಪುಟ್‌ನಲ್ಲಿದ್ದರೆ ಡಿಸ್ಟಾರ್ಷನ್ ಹೆಚ್ಚುತ್ತದೆಯೇ ಹೊರತು ವಾಲ್ಯೂಮ್ ಅಷ್ಟಾಗಿ ಏರುವುದಿಲ್ಲ. ಲೂಪ್ ಲೈನ್ ಲೆವೆಲ್‌ನದ್ದಾದರೆ (ಗಿಟಾರ್‌ಗಿಂತ ಜೋರಾದ ಸಿಗ್ನಲ್) ಪೆಡಲ್ಲಿನಲ್ಲೇ ದನಿ ಕರ್ಕಶವಾಗಿ ಒಡೆಯಬಹುದು, ಸೆಂಡ್ ಲೆವೆಲ್ ತಗ್ಗಿಸಿ.

6.4 ಕಿಲೋಹರ್ಟ್ಸ್ ಮುಟ್ಟಬೇಡಿ. ಗಿಟಾರ್ ಸ್ಪೀಕರ್ ಸುಮಾರು 5 ಕಿಲೋಹರ್ಟ್ಸ್ ದಾಟಿದ ಮೇಲೆ ಕಡಿದಾಗಿ ಇಳಿಯುತ್ತದೆ, ಸಿಗುವುದು ಬರೀ ಹಿಸ್. ಮಧ್ಯದ ಸ್ಲೈಡರ್‌ಗಳನ್ನು ತಗ್ಗಿಸಿದ ‘ವಿ’ ಆಕಾರವೂ ಬೇಡ: ಒಬ್ಬರೇ ನುಡಿಸುವಾಗ ಭರ್ಜರಿ, ಡ್ರಮ್ ಸೇರಿದೊಡನೆ ಗಿಟಾರ್ ನಾಪತ್ತೆ.