ಅಪ್‌ಡೇಟ್: 78 ಕೆಜಿ, ಹತ್ತು ತಿಂಗಳ ನಂತರ

ಹೋದ ವರ್ಷ ಕೇಳಿದ್ದೆ: ವಯಸ್ಸು 48, ತೂಕ 78, ಮುಟ್ಟು ನಿಂತ ಮೇಲೆ ಹೊಟ್ಟೆ ಮಾತ್ರ ಬೆಳೀತಿದೆ, ಫೋಟೋ ಅಂದ್ರೆ ಓಡಿ ಹೋಗ್ತೀನಿ, ಏನು ಮಾಡಲಿ ಅಂತ. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್.

ಈಗ 71. ಜಾಸ್ತಿ ಅಲ್ಲ, ಗೊತ್ತು. ಮಧ್ಯೆ ಎರಡು ತಿಂಗಳು ಮುಳ್ಳು ಅಲ್ಲಾಡಲೇ ಇಲ್ಲ. ದಸರಾದಲ್ಲಿ ಒಂದು ಕೆಜಿ ವಾಪಸ್ ಬಂತು (ಒಬ್ಬಟ್ಟು ಬಿಡೋಕಾಗತ್ತಾ?).

ಮೊದಲು ರಾತ್ರಿ ಊಟ ಬಿಟ್ಟು ನೋಡಿದೆ. ಹನ್ನೊಂದು ಗಂಟೆಗೆ ಚಕ್ಕುಲಿ ಡಬ್ಬಿ ಖಾಲಿ! ಆಮೇಲೆ ಅನ್ನ ಅರ್ಧ ಮಾಡಿ, ಹುರುಳಿಕಾಳು, ಮೊಳಕೆ ಹೆಸರುಕಾಳು, ಮೊಟ್ಟೆ ಸೇರಿಸಿದೆ. ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಒಂದು ಸುತ್ತು. ವಾರಕ್ಕೆ ಎರಡು ದಿನ ಡಂಬೆಲ್. ಈ ವಯಸ್ಸಲ್ಲಿ ಸ್ನಾಯು ಕರಗುತ್ತೆ, ಬರೀ ನಡೆದರೆ ಸಾಲದು ಅಂತ ನೀವೇ ಹೇಳಿದ್ರಲ್ಲ, ನಿಜ.

ದಿನಾ ತೂಕ ನೋಡೋದು ಬಿಟ್ಟೆ. ಉಪ್ಪು ಜಾಸ್ತಿ ತಿಂದರೂ ಅದು ಏರುತ್ತೆ. ಟೇಪಲ್ಲಿ ಸೊಂಟ ಅಳೀತೀನಿ: 96 ಸೆಂ.ಮೀ. ಇದ್ದದ್ದು 88. ನಮ್ಮ ದೇಶದ ಹೆಂಗಸರಿಗೆ 80ರ ಒಳಗಿರಬೇಕಂತೆ, ಇನ್ನೂ ದೂರ ಇದೆ.

ಮೊನ್ನೆ ತಂಗಿ ಮಗನ ಮದುವೆ. ಹತ್ತು ವರ್ಷದಲ್ಲಿ ಮೊದಲ ಸಲ ಗಿಡ್ಡ ತೋಳಿನ ಬ್ಲೌಸ್ ಹೊಲಿಸಿದೆ. ಫೋಟೋದಲ್ಲಿ ತೋಳು ದಪ್ಪವೇ ಕಾಣುತ್ತೆ. ಆದ್ರೂ ಮುಂದಿನ ಸಾಲಲ್ಲೇ ನಿಂತಿದ್ದೀನಿ, ಕ್ರಾಪ್ ಮಾಡದೆ ಎಲ್ಲರಿಗೂ ಕಳಿಸಿದೆ.